ವೈಜ್ಞಾನಿಕ ಕಥೆಯ ವಿಡಿಯೋ ಆಟಗಳು: ಸ್ವೋಪಜ್ಞತೆ ಮತ್ತು ಋಣ

ವಿಜ್ಞಾನದ ಯಾವುದಾದರೊಂದು ಸಿದ್ಧಾಂತವನ್ನೋ, ಮುಂದೆಂದಾದರೂ ಸಾಧ್ಯವಾಗಬಹುದಾದ ಯಂತ್ರವನ್ನೋ, ಗ್ರಹಾಂತರದ ಜೀವಕುಲವನ್ನೋ ಊಹಿಸಿಕೊಂಡು, ಆ ಊಹೆಯಿಂದ ಹುಟ್ಟುವ ಲೋಕದಲ್ಲಿ ಆಡುವವನೇ ಒಂದು ಪಾತ್ರವಾಗಿ ನಡೆದು, ನೋಡಿ, ಹೋರಾಡಿ, ಆಯ್ದುಕೊಂಡು, ಕಥೆಯನ್ನು ತನ್ನ ಕೈಯಾರೆ ಮುಂದಕ್ಕೊಯ್ಯುವಂತೆ ಗಣಕಯಂತ್ರದ ತೆರೆಯ ಮೇಲೆ ರಚಿತವಾದ ಕೃತಿಯನ್ನು ವೈಜ್ಞಾನಿಕ ಕಥೆಯ ವಿಡಿಯೋ ಆಟವೆನ್ನಬಹುದು. ಈ ಪ್ರಕಾರಕ್ಕೆ ಇನ್ನೂ ಎಪ್ಪತ್ತು ವರ್ಷ ತುಂಬಿಲ್ಲ; ಆದರೆ ಹುಟ್ಟಿದಂದಿನಿಂದಲೂ ಇದು ಕಾದಂಬರಿಗೂ ಚಲನಚಿತ್ರಕ್ಕೂ ಋಣಿಯಾಗಿಯೇ ಬೆಳೆದಿದೆ. 1962ರಲ್ಲಿ ಅಮೆರಿಕದ ಮೆಸಾಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಸಂಗಡಿಗರು ಪಿಡಿಪಿ-1 ಎಂಬ ಗಣಕದ ಮೇಲೆ ರಚಿಸಿದ ‘ಸ್ಪೇಸ್‌ವಾರ್’ ಆಟದಲ್ಲಿ ಎರಡು ನೌಕೆಗಳು ಒಂದು ನಕ್ಷತ್ರದ ಸೆಳೆತಕ್ಕೆ ಸಿಕ್ಕದಂತೆ ತಪ್ಪಿಸಿಕೊಳ್ಳುತ್ತ ಕಾದಾಡುತ್ತವೆ. ಅದರ ಹಿಂದೆ ಇದ್ದುದು ಇ. ಇ. ಸ್ಮಿತ್ ಎಂಬ ಲೇಖಕನ ಅಂತರಿಕ್ಷ ಸಾಹಸಕಥೆಗಳ ಓದು. ಬೀಜವೇ ಪರರ ಹೊಲದಿಂದ ಬಂದಿರುವಾಗ ಫಲವನ್ನು ಸ್ವೋಪಜ್ಞವೆಂದು ಕರೆಯಬಹುದೆ ಎಂಬ ಪ್ರಶ್ನೆ ಸಹಜ. ಎರವಲು ತಂದ ವಸ್ತುವು ಆಡುವವನ ಕ್ರಿಯೆಯಾಗಿ ಪರಿಣಮಿಸಿದಲ್ಲಿ ಸ್ವೋಪಜ್ಞತೆ ಉಂಟು, ವೇಷವಾಗಿ, ದೃಶ್ಯವಾಗಿ, ಹೆಸರಾಗಿ ಉಳಿದಲ್ಲಿ ಇಲ್ಲ, ಎಂಬುದು ಈ ಲೇಖನದ ನಿಲುವು.

ಪ್ರಶ್ನೆಯು ನಮ್ಮವರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ‘ಧ್ವನ್ಯಾಲೋಕ’ದ ಕೊನೆಯ ಉದ್ಯೋತದಲ್ಲಿ ಕವಿಗಳ ನಡುವಣ ಸಾದೃಶ್ಯವನ್ನು ಪ್ರತಿಬಿಂಬದಂತಹುದು, ಚಿತ್ರದಂತಹುದು, ಇಬ್ಬರು ಸಮಾನರೂಪಿಗಳ ದೇಹದಂತಹುದು ಎಂದು ಮೂರಾಗಿ ವಿಂಗಡಿಸಿ, ಮೊದಲೆರಡನ್ನು ತ್ಯಾಜ್ಯವೆಂದೂ ಮೂರನೆಯದನ್ನು ಗ್ರಾಹ್ಯವೆಂದೂ ನಿರ್ಣಯಿಸಿದನು. ಅವನ ತರುವಾಯ ಬಂದ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಅರ್ಥಹರಣ, ಶಬ್ದಹರಣಗಳಿಗೆಂದೇ ಅಧ್ಯಾಯಗಳನ್ನು ಮೀಸಲಿಟ್ಟು, ಈ ಮೂರರ ಜೊತೆಗೆ ಪರಪುರಪ್ರವೇಶವೆಂಬ ನಾಲ್ಕನೆಯದನ್ನು ಸೇರಿಸಿ, ಮೂಲವಸ್ತು ಒಂದೇ ಆಗಿದ್ದರೂ ಅದರ ಕಟ್ಟಡ ಸಂಪೂರ್ಣ ಬೇರೆಯಾದಾಗ ಉಂಟಾಗುವ ಕಾವ್ಯವನ್ನು ಅದರಿಂದ ಸೂಚಿಸಿದನು, ಕವಿಗಳನ್ನೂ ಉತ್ಪಾದಕ, ಪರಿವರ್ತಕ, ಆಚ್ಛಾದಕ, ಸಂವರ್ಗಕ ಎಂದು ನಾಲ್ಕು ಬಗೆಯಾಗಿ ಕಂಡನು. ಕಳವೇ ಇಲ್ಲದ ಕವಿ ಸಿಕ್ಕುವುದು ದುರ್ಲಭವೆಂದು ಸಂಕೋಚವಿಲ್ಲದೆ ಒಪ್ಪಿಕೊಂಡ ಈ ಮೀಮಾಂಸಕನು ಮಹಾರಾಷ್ಟ್ರಮೂಲದ ಯಾಯಾವರ ವಂಶದವನು; ಕಾವ್ಯಪುರುಷನಿಗೂ ಸಾಹಿತ್ಯವಿದ್ಯಾವಧುವಿಗೂ ವಿವಾಹವಾದುದು ವಿದರ್ಭದ ವತ್ಸಗುಲ್ಮದಲ್ಲಿ, ಎಂದರೆ ಇಂದಿನ ವಾಶೀಮದಲ್ಲಿ, ಎಂದು ಕಥೆ ಕಟ್ಟಿದವನು. ಆ ವಿದರ್ಭದ ಮುಖ್ಯನಗರವಾದ ನಾಗಪುರದ ನೈರುತ್ಯಭಾಗದಲ್ಲಿರುವ ಪ್ರತಾಪ ನಗರದ ತರುಣನು ಇಂದು ಜಪಾನಿನದೋ ಪೋಲೆಂಡಿನದೋ ಆಟವನ್ನು ಮನೆಯಲ್ಲಿ ಕುಳಿತು ಆಡುವಾಗ, ಅವನ ಆಟವನ್ನು ಅಳೆಯಲು ತಕ್ಕ ಮಾನದಂಡ ಅವನ ನಾಡಿನಲ್ಲಿಯೇ ಸಾವಿರ ವರ್ಷಗಳ ಹಿಂದಿನಿಂದ ಇದೆ ಎಂಬುದು ಸಂತೋಷದ ವಿಷಯ. ಅದೇ ನಾಗಪುರದಿಂದ ಈಶಾನ್ಯಕ್ಕೆ ರಾಮಟೇಕದ ಗುಡ್ಡವಿದೆ. ಮೇಘದೂತದ ಯಕ್ಷನು ವಾಸವಾಗಿದ್ದ ರಾಮಗಿರಿ ಇದೇ ಎಂದು ನಾಗಪುರದ ವಿದ್ವಾಂಸರಾದ ವಾ. ವಿ. ಮಿರಾಶಿಯವರು ಸಾಧಿಸಿದರು. ಹನುಮಂತನ ಮೂಲಕ ರಾಮನು ಸೀತೆಗೆ ಕಳುಹಿದ ಸಂದೇಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಾಳಿದಾಸನು ಆ ಕಾವ್ಯವನ್ನು ರಚಿಸಿದನೆಂದು ವ್ಯಾಖ್ಯಾನಕಾರ ಮಲ್ಲಿನಾಥನು ಹೇಳಿರುವನಾದರೂ, ಅದರಿಂದ ಕಾಳಿದಾಸನ ಕೀರ್ತಿಗೆ ಕುಂದು ಬಂದಿತೆಂದು ಹೇಳಿದವರಿಲ್ಲ. ಕನ್ನಡದಲ್ಲಿಯೂ ‘ಕವಿರಾಜಮಾರ್ಗ’ ದಂಡಿಗೆ ಋಣಿ. 941ರಲ್ಲಿ ಪಂಪನು ವ್ಯಾಸರ ಭಾರತವನ್ನು ಅರಿಕೇಸರಿಯ ಕಥೆಯೊಡನೆ ಬೆಸೆದು ಅರ್ಜುನನನ್ನೇ ನಾಯಕನನ್ನಾಗಿ ಮಾಡಿಕೊಂಡನು. ರನ್ನನು ಭಟ್ಟನಾರಾಯಣನಿಂದಲೂ ಪಂಪನಿಂದಲೂ ಪಡೆದು ದುರ್ಯೋಧನನಿಗೆ ಅವರಾರೂ ಕೊಡದ ಒಂದು ಮಹತ್ತ್ವವನ್ನು ಕೊಟ್ಟನು. ಇಂತಹ ಪರಂಪರೆಯಲ್ಲಿ ಬೆಳೆದವರು ಆಟವೊಂದರ ಆಕರವನ್ನು ಕಂಡುಹಿಡಿದೊಡನೆ ಅದನ್ನು ಹೀನವೆಂದು ತೀರ್ಮಾನಿಸುವುದು ಉಚಿತವಲ್ಲ.

ಆದಿಕಾಲದ ಆಟಗಳಲ್ಲಿ ಕಥೆ ಬಹು ಸ್ವಲ್ಪ. 1978ರಲ್ಲಿ ಜಪಾನಿನ ಟೈಟೋ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಸಾಲುಸಾಲಾಗಿ ಇಳಿದುಬರುವ ಅನ್ಯಗ್ರಹದ ಜೀವಿಗಳ ಆಕೃತಿಗೆ ಎಚ್. ಜಿ. ವೆಲ್ಸ್ 1898ರಲ್ಲಿ ಪ್ರಕಟಿಸಿದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯ, ಅಷ್ಟಪದಿಯನ್ನು ಹೋಲುವ ಮಂಗಳವಾಸಿಗಳು ಪ್ರೇರಣೆ. 1986ರ ‘ಮೆಟ್ರಾಯ್ಡ್’ ಆಟವು ರಿಡ್ಲಿ ಸ್ಕಾಟ್ ನಿರ್ದೇಶಿಸಿದ 1979ರ ‘ಏಲಿಯನ್’ ಚಿತ್ರದ ಛಾಯೆಯಲ್ಲಿ ಹುಟ್ಟಿ, ಖಳಜಂತುವೊಂದಕ್ಕೆ ‘ರಿಡ್ಲಿ’ ಎಂದೇ ಹೆಸರಿಟ್ಟು, ಋಣವನ್ನು ಮುಚ್ಚಿಡದೆ ಸಾರಿತು. ಆದರೆ ಕವಲೊಡೆದ ಸುರಂಗಗಳಲ್ಲಿ ಒಂಟಿಯಾಗಿ ಅಲೆದು, ಹೊಸ ಸಾಧನವೊಂದು ಕೈಗೆ ಬಂದಮೇಲೆ ಹಿಂದೆ ತೆರೆಯದಿದ್ದ ಬಾಗಿಲಿಗೆ ಮರಳಿ ಹೋಗಬೇಕಾದ ಆ ಏಕಾಂತದ ಅನುಭವವು ಚಲನಚಿತ್ರದಿಂದ ಬಂದುದಲ್ಲ.

ಕಾದಂಬರಿಯ ವಸ್ತುವು ಆಟದ ನಿಯಮವಾಗಿ ಪರಿಣಮಿಸಿದ ಸ್ಪಷ್ಟವಾದ ನಿದರ್ಶನವು ವೆಸ್ಟ್‌ವುಡ್ ಸಂಸ್ಥೆ 1992ರಲ್ಲಿ ಹೊರತಂದ ‘ಡ್ಯೂನ್ 2’. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಕಾದಂಬರಿಯಲ್ಲಿ ಮರುಭೂಮಿಯ ಗ್ರಹವೊಂದರಲ್ಲಿ ಮಾತ್ರ ದೊರೆಯುವ ಮಸಾಲೆಯಂತಹ ದ್ರವ್ಯಕ್ಕಾಗಿ ರಾಜವಂಶಗಳು ಕಾದಾಡುತ್ತವೆ. ಆಟದಲ್ಲಿ ಆ ದ್ರವ್ಯವನ್ನು ಮರಳಿನಿಂದ ಬಾಚುವ ಯಂತ್ರವನ್ನು ಆಡುವವನು ತಾನೇ ಕಳುಹಬೇಕು, ಮರಳಿನಡಿಯ ಮಹಾಕ್ರಿಮಿ ಅದನ್ನು ನುಂಗದಂತೆ ಕಾಯಬೇಕು, ಬಂದ ಸಂಪತ್ತಿನಿಂದ ಸೈನ್ಯ ಕಟ್ಟಬೇಕು. ಹರ್ಬರ್ಟ್ ಪುಟಗಟ್ಟಲೆ ವಿವರಿಸಿದ ಅರ್ಥಶಾಸ್ತ್ರವು ಇಲ್ಲಿ ಆಡುವವನ ಲೋಭವಾಗಿಯೂ ಆತಂಕವಾಗಿಯೂ ಮಾರ್ಪಟ್ಟಿದೆ. ಮೂರು ವರ್ಷಗಳ ನಂತರ ಅದೇ ಸಂಸ್ಥೆ ‘ಕಮಾಂಡ್ ಅಂಡ್ ಕಾಂಕರ್’ ಆಟದಲ್ಲಿ ಆ ದ್ರವ್ಯದ ಸ್ಥಾನದಲ್ಲಿ ಭೂಮಿಯ ಮೇಲೆಯೇ ಹಬ್ಬುವ ‘ಟೈಬೀರಿಯಮ್’ ಎಂಬ ಸ್ಫಟಿಕವನ್ನು ಕಲ್ಪಿಸಿಕೊಂಡು, ಹರ್ಬರ್ಟನ ಹೆಸರಿನ ಹಂಗಿಲ್ಲದೆ ತನ್ನದೇ ಲೋಕವನ್ನು ಕಟ್ಟಿತು.

ಮೂಲಲೇಖಕರೇ ಆಟಕ್ಕೆ ಕೈಹಾಕಿದ ಸಂದರ್ಭಗಳೂ ಇವೆ. ಡಗ್ಲಸ್ ಆಡಮ್ಸ್ ತನ್ನ ‘ಹಿಚ್‌ಹೈಕರ್ಸ್ ಗೈಡ್’ ಕಥೆಯನ್ನು 1984ರಲ್ಲಿ ಸ್ಟೀವ್ ಮೆರೆಟ್ಸ್ಕಿಯವರೊಡನೆ ಕುಳಿತು ಬರಿಯ ಅಕ್ಷರಗಳ ಆಟವಾಗಿ ಮಾರ್ಪಡಿಸಿದರು. ಹಾರ್ಲನ್ ಎಲಿಸನ್ 1967ರ ತನ್ನ ಸಣ್ಣಕಥೆಯೊಂದನ್ನು 1995ರಲ್ಲಿ ಆಟವಾಗಿಸುವಾಗ, ಮನುಷ್ಯಕುಲವನ್ನು ದ್ವೇಷಿಸುವ ಗಣಕದ ಪಾತ್ರಕ್ಕೆ ತಾವೇ ಧ್ವನಿ ಕೊಟ್ಟರು.

1998ರ ‘ಹಾಫ್-ಲೈಫ್’ ಈ ಇತಿಹಾಸದಲ್ಲಿ ಒಂದು ತಿರುವು. ಸೈನ್ಯದ ರಹಸ್ಯಪ್ರಯೋಗವೊಂದು ಕೈಮೀರಿ ಅನ್ಯಲೋಕದ ಜಂತುಗಳಿಗೆ ದಾರಿ ತೆರೆಯುವ ಸ್ಟೀಫನ್ ಕಿಂಗನ ‘ದಿ ಮಿಸ್ಟ್’ ಎಂಬ ಕಿರುಕಾದಂಬರಿಯಿಂದ ಅದರ ಕಥಾಬೀಜ ಬಂದಿತು. ಕಾದಂಬರಿಕಾರ ಮಾರ್ಕ್ ಲೇಡ್ಲಾ ಅದರ ಕಥೆಯನ್ನು ಬರೆದರು. ಕಥಾಸಾರಾಂಶವನ್ನಷ್ಟೇ ಓದಿದವನಿಗೆ ಇದರಲ್ಲಿ ಹೊಸತೇನೂ ಕಾಣಿಸದು. ಆದರೆ ಆಟದ ಆರಂಭವನ್ನು ನೋಡಬೇಕು. ವಿಜ್ಞಾನಿಯೊಬ್ಬನು ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಟ್ರಾಮ್ ಗಾಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾನೆ. ಧ್ವನಿವರ್ಧಕದಲ್ಲಿ ಹೆಣ್ಣಿನ ದನಿಯೊಂದು ಹವೆಯನ್ನೂ ಸುರಕ್ಷತೆಯ ನಿಯಮಗಳನ್ನೂ ಹೇಳುತ್ತದೆ. ಕಿಟಕಿಯಾಚೆ ಯಂತ್ರಗಳು ಭಾರ ಹೊರುತ್ತಿವೆ. ಕಾವಲುಗಾರನೊಬ್ಬ ತೆರೆಯದ ಬಾಗಿಲನ್ನು ಬಡಿಯುತ್ತಿದ್ದಾನೆ. ಆಡುವವನು ಗಾಡಿಯೊಳಗೆ ಅತ್ತಿತ್ತ ನಡೆದು ತನಗೆ ಬೇಕಾದ ಕಿಟಕಿಯಿಂದ ನೋಡಬಹುದೇ ಹೊರತು ಬೇರೇನನ್ನೂ ಮಾಡಲಾರನು. ಹೀಗೆ ಹಲವು ನಿಮಿಷ ಸಾಗುತ್ತದೆ. ಮುಂದೆ ಲೋಕ ಛಿದ್ರವಾದಾಗಲೂ ಕಥೆ ಹೇಳುವುದಕ್ಕೆಂದು ಆಟವು ಅವನ ಕಣ್ಣನ್ನು ಅವನಿಂದ ಕಸಿದುಕೊಂಡು ಬೇರೊಂದು ಚಲನಚಿತ್ರವನ್ನು ತೋರಿಸುವುದಿಲ್ಲ. ಕಾಣುವುದೆಲ್ಲ ಆ ಒಬ್ಬನ ಕಣ್ಣಿಗೆ ಕಂಡಷ್ಟೆ, ಮತ್ತು ಆ ವಿಜ್ಞಾನಿ ಒಂದು ಮಾತನ್ನೂ ಆಡುವುದಿಲ್ಲ. ಮುಂದಿನ ಎಷ್ಟೋ ಆಟಗಳು ಅನುಕರಿಸಿದುದು ಅದರ ಜಂತುಗಳನ್ನಲ್ಲ, ಈ ನಿರೂಪಣಾವಿಧಾನವನ್ನು.

ಋಣದ ಅತ್ಯಂತ ಗೌರವಯುತವಾದ ರೂಪ ನನಗೆ ಕಾಣುವುದು ಉಕ್ರೇನಿನ ಕೀವ್ ನಗರದ ಜಿಎಸ್‌ಸಿ ಸಂಸ್ಥೆ 2007ರಲ್ಲಿ ಹೊರತಂದ ‘ಸ್ಟಾಕರ್: ಷ್ಯಾಡೋ ಆಫ್ ಚೆರ್ನೋಬಿಲ್’ ಆಟದಲ್ಲಿ. ಸೋವಿಯತ್ ಲೇಖಕರಾದ ಅರ್ಕಾದಿ ಮತ್ತು ಬೋರಿಸ್ ಸ್ತ್ರುಗಾತ್ಸ್ಕಿ ಸೋದರರು 1972ರಲ್ಲಿ ಪ್ರಕಟಿಸಿದ ‘ರೋಡ್‌ಸೈಡ್ ಪಿಕ್ನಿಕ್’ ಕಾದಂಬರಿಯಲ್ಲಿ, ಅನ್ಯಲೋಕದವರು ಬಂದು ಹೋದ ನಿಷಿದ್ಧವಲಯವೊಂದಿದೆ. ಕಣ್ಣಿಗೆ ಕಾಣದ ಮೃತ್ಯುಕೂಪಗಳಿಂದ ತುಂಬಿದ ಅದರೊಳಗೆ ಕದ್ದು ನುಗ್ಗಿ, ವಿಚಿತ್ರವಸ್ತುಗಳನ್ನು ತಂದು ಮಾರುವವರೇ ಸ್ಟಾಕರ್‌ಗಳು. ಆಂದ್ರೇ ತಾರ್ಕೋವ್ಸ್ಕಿ 1979ರಲ್ಲಿ ಅದೇ ಸೋದರರ ಚಿತ್ರಕಥೆಯಿಂದ ‘ಸ್ಟಾಕರ್’ ಚಲನಚಿತ್ರವನ್ನು ನಿರ್ಮಿಸಿ, ಸಾಹಸವನ್ನೆಲ್ಲ ಕಳೆದು, ಅದನ್ನು ಶ್ರದ್ಧೆಯ ಪರೀಕ್ಷೆಯಾಗಿ ಮಾರ್ಪಡಿಸಿದನು. 1986ರ ಏಪ್ರಿಲ್ 26ರಂದು ಚೆರ್ನೋಬಿಲಿನ ಅಣುಸ್ಥಾವರ ಸ್ಫೋಟಿಸಿ, ಅದರ ಸುತ್ತ ಮನುಷ್ಯರು ತೊರೆದ ವಲಯವೊಂದು ನಿಜವಾಗಿಯೇ ಉಂಟಾಯಿತು. ಕೀವ್‌ನಿಂದ ಅದು ದೂರವೂ ಅಲ್ಲ. ಆಟವನ್ನು ರಚಿಸಿದವರು ಕಾದಂಬರಿ, ಚಲನಚಿತ್ರ, ತಮ್ಮ ನೆರೆಯ ದುರಂತ, ಈ ಮೂರನ್ನೂ ಒಂದಾಗಿಸಿ, ಪ್ರಿಪ್ಯಾತ್ ಊರಿನ ಖಾಲಿ ಮನೆಗಳನ್ನು ಕಂಡಂತೆಯೇ ತಂದು ನಿಲ್ಲಿಸಿದರು.

ಅಲ್ಲಿಯ ಒಂದು ಸಣ್ಣ ಅಂಶವನ್ನು ಹತ್ತಿರದಿಂದ ನೋಡೋಣ. ಕಾದಂಬರಿಯಲ್ಲಿ ಸ್ಟಾಕರ್ ಮುಂದಿನ ನೆಲ ಸುರಕ್ಷಿತವೇ ಎಂದು ತಿಳಿಯಲು ಕಬ್ಬಿಣದ ನಟ್ಟುಗಳನ್ನು ಎಸೆದು ನೋಡುತ್ತಾನೆ. ಚಿತ್ರದಲ್ಲಿ ಆ ನಟ್ಟಿಗೆ ಬಟ್ಟೆಯ ಪಟ್ಟಿ ಕಟ್ಟಿರುತ್ತದೆ. ಆಟದಲ್ಲಿ ಆಡುವವನ ಚೀಲದಲ್ಲಿ ಎಂದೂ ಮುಗಿಯದ ಬೋಲ್ಟುಗಳಿವೆ. ಮುಂದೆ ಗಾಳಿ ತುಸುವೇ ನಡುಗಿದಂತೆ ತೋರುತ್ತದೆ, ಶೋಧಕಯಂತ್ರ ಬೇಗಬೇಗ ಕೂಗುತ್ತದೆ. ಬಂದೂಕವನ್ನು ಒಳಗಿಟ್ಟು ಅವನು ಒಂದು ಬೋಲ್ಟನ್ನು ಎಸೆಯುತ್ತಾನೆ; ಅದು ಬಿದ್ದ ಕಡೆ ನೆಲ ಸಿಡಿದೇಳುತ್ತದೆ; ಒಂದು ಹೆಜ್ಜೆ ಬಲಕ್ಕೆ ಸರಿದು ಮತ್ತೊಂದನ್ನು ಎಸೆಯುತ್ತಾನೆ; ಅದು ಸದ್ದಿಲ್ಲದೆ ಹುಲ್ಲಿನಲ್ಲಿ ಬೀಳುತ್ತದೆ. ಅಲ್ಲಿ ದಾರಿ ಉಂಟು. ಕಾದಂಬರಿಯ ಓದುಗನು ಇನ್ನೊಬ್ಬನ ಭಯವನ್ನು ಊಹಿಸುತ್ತಾನೆ, ಚಿತ್ರದ ಪ್ರೇಕ್ಷಕನು ಆ ಭಯವನ್ನು ನೋಡುತ್ತಾನೆ, ಆಟವಾಡುವವನು ತಾನೇ ಎಸೆದು ತಾನೇ ಹೆಜ್ಜೆಯಿಡುತ್ತಾನೆ. ಸ್ತ್ರುಗಾತ್ಸ್ಕಿ ಸೋದರರ ಒಂದು ವಿವರವು ಮೂರನೆಯ ಮಾಧ್ಯಮಕ್ಕೆ ಬಂದು ಹೊಸ ಪ್ರಾಣ ಪಡೆದ ಬಗೆ ಇದು. ರಾಜಶೇಖರನ ನಾಲ್ಕನೆಯ ವರ್ಗಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯನ್ನು ಈ ಕಲೆಯಲ್ಲಿ ನಾನರಿಯೆ.

ಅದೇ 2007ರಲ್ಲಿ ಬಂದ ‘ಬಯೋಷಾಕ್’ನ ಕರ್ತೃ ಕೆನ್ ಲೆವಿನ್. ಏಯ್ನ್ ರ‍್ಯಾಂಡ್ ಬರೆದ ‘ಅಟ್ಲಾಸ್ ಶ್ರಗ್ಡ್’ ಕಾದಂಬರಿಯ ಸ್ವಾರ್ಥತತ್ತ್ವವನ್ನು ಎತ್ತಿಕೊಂಡು, ಆ ತತ್ತ್ವದ ಮೇಲೆ ಸಮುದ್ರದಡಿಯಲ್ಲಿ ನಗರವೊಂದನ್ನು ಕಟ್ಟಿದರೆ ಅದರ ಗತಿ ಏನಾದೀತೆಂದು ಈ ಆಟ ಕೇಳುತ್ತದೆ. ಇದರ ಖಂಡನೆಯಲ್ಲಿ ಕಾದಂಬರಿಗೆ ನಿಲುಕದ ಒಂದು ಯುಕ್ತಿಯಿದೆ. ಅಟ್ಲಾಸ್ ಎಂಬಾತನು ಬಾನುಲಿಯ ಮೂಲಕ ವಿನಯದ ಮಾತಿನಿಂದ ಕೇಳಿಕೊಂಡುದನ್ನೆಲ್ಲ ಆಡುವವನು ಮಾಡುತ್ತ ಬರುತ್ತಾನೆ, ಏಕೆಂದರೆ ಆಟದಲ್ಲಿ ಹೇಳಿದ ಕೆಲಸವನ್ನು ಮಾಡುವುದೇ ವಾಡಿಕೆ. ನಗರದ ಸ್ಥಾಪಕ ಆಂಡ್ರ್ಯೂ ರಯನ್ ಎದುರಾದಾಗ, ಆ ವಿನಯದ ಮಾತೇ ತನ್ನ ಮನಸ್ಸನ್ನು ಬಂಧಿಸಿದ ಮಂತ್ರವಾಗಿತ್ತೆಂದು ತಿಳಿಯುತ್ತದೆ. ರಯನ್ ಗಾಲ್ಫಿನ ದಾಂಡನ್ನು ಕೈಗಿತ್ತು ತನ್ನನ್ನೇ ಕೊಲ್ಲಲು ಆಜ್ಞಾಪಿಸುತ್ತಾನೆ. ಆಗ ಮಾತ್ರ ಆಡುವವನ ಗುಂಡಿಗಳು ಕೆಲಸ ಮಾಡುವುದಿಲ್ಲ, ಕೈ ತಾನಾಗಿ ಏಳುತ್ತದೆ. ಸ್ವಾತಂತ್ರ್ಯವನ್ನು ಕುರಿತ ಪರರ ತತ್ತ್ವವು ಇಲ್ಲಿ ಆಡುವವನ ಸ್ವಾತಂತ್ರ್ಯದ ಪ್ರಶ್ನೆಯೇ ಆಗಿಬಿಟ್ಟಿತು. ಈ ದೃಶ್ಯದ ಅನಂತರದ ಭಾಗ ಸಾಮಾನ್ಯವಾದ ಕಾದಾಟಕ್ಕೆ ಇಳಿಯುತ್ತದೆಯೆಂಬ ಆಕ್ಷೇಪ ನ್ಯಾಯವಾದುದೇ.

ಪ್ರತಿಬಿಂಬಮಾತ್ರವಾದ ಆಟಗಳಿಗೂ ಕೊರತೆಯಿಲ್ಲ. ರಾಬರ್ಟ್ ಹೈನ್‌ಲೈನನ 1959ರ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಕಾದಂಬರಿಯ ಕವಚಧಾರಿ ಸೈನಿಕನೂ, ಜೇಮ್ಸ್ ಕ್ಯಾಮೆರೂನನ 1986ರ ‘ಏಲಿಯನ್ಸ್’ ಚಿತ್ರದ ಒರಟು ಮಾತಿನ ದಳವೂ ಸೇರಿ ಹುಟ್ಟಿದ ಅಂತರಿಕ್ಷಯೋಧನು ಎಷ್ಟು ಆಟಗಳಲ್ಲಿ ಅದೇ ಕವಚವನ್ನು ತೊಟ್ಟು ಅದೇ ಕೀಟಗಳನ್ನು ಕೊಂದಿದ್ದಾನೆಂದು ಎಣಿಸುವುದು ಬೇಸರದ ಕೆಲಸ. ಆ ಗುಂಪಿನಲ್ಲಿಯೂ ತಾರತಮ್ಯ ಉಂಟು: 1998ರ ‘ಸ್ಟಾರ್‌ಕ್ರಾಫ್ಟ್’ ತನ್ನ ಮೂರು ಕುಲಗಳ ರೂಪದಲ್ಲಿ ‘ವಾರ್‌ಹ್ಯಾಮರ್ 40,000’ ಎಂಬ ಮೇಜಿನಾಟಕ್ಕೆ ತೀರ ಸಮೀಪವಾಗಿದ್ದರೂ, ಆ ಮೂರು ಕುಲಗಳು ಒಂದನ್ನೊಂದು ಹೋಲದಂತೆ, ಆದರೂ ಬಲದಲ್ಲಿ ಸಮವಾಗುವಂತೆ ತೂಗಿದ ಜಾಣ್ಮೆ ಅದರದೇ. 2001ರ ‘ಹೇಲೋ’ ಆಟದ ಉಂಗುರಾಕಾರದ ಲೋಕ ಲ್ಯಾರಿ ನಿವೆನ್ 1970ರಲ್ಲಿ ‘ರಿಂಗ್‌ವರ್ಲ್ಡ್’ನಲ್ಲಿ ಕಲ್ಪಿಸಿದ ಉಂಗುರವನ್ನು ನೆನಪಿಸುತ್ತದೆ, ದಿಗಂತವು ಮೇಲಕ್ಕೆ ಬಾಗಿ ತಲೆಯ ಮೇಲೆ ಕಮಾನಾಗುವುದನ್ನು ನೋಡುವ ಆನಂದ ದೊಡ್ಡದೇ ಆದರೂ, ಆ ಬಾಗಿದ ನೆಲದ ಮೇಲೆ ನಡೆಯುವ ಯುದ್ಧ ಚಪ್ಪಟೆ ನೆಲದ ಯುದ್ಧಕ್ಕಿಂತ ಬೇರೆಯಾಗಲಿಲ್ಲ.

ಕಥೆಯ ಮೇಲೆ ಆಡುವವನ ಅಧಿಕಾರ ಎಷ್ಟೆಂಬುದು ಇಲ್ಲಿ ಮೇಲೇಳುವ ವಿಚಾರ. ಕರಾವಳಿಯ ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯಗಳು ನಿಶ್ಚಿತ, ಕರ್ಣನು ಮಡಿಯುವುದು ನಿಶ್ಚಿತ. ಆದರೆ ಅರ್ಥಧಾರಿಯ ಮಾತು ಆ ರಾತ್ರಿಯೇ ಹುಟ್ಟತಕ್ಕದ್ದು, ಮತ್ತು ಸಭೆ ಕಾದಿರುವುದು ಅದಕ್ಕಾಗಿಯೇ. ಉತ್ತಮವಾದ ಕಥಾಪ್ರಧಾನ ಆಟದ ಸ್ವಭಾವ ಇದಕ್ಕೆ ಬಹು ಹತ್ತಿರ. ಬಯೋವೇರ್ ಸಂಸ್ಥೆಯ ‘ಮಾಸ್ ಎಫೆಕ್ಟ್’ ಮೂರು ಭಾಗಗಳಲ್ಲಿ, 2007ರಿಂದ 2012ರವರೆಗೆ, ಆಡುವವನ ಆಯ್ಕೆಗಳನ್ನು ಒಂದು ಭಾಗದಿಂದ ಇನ್ನೊಂದಕ್ಕೆ ಒಯ್ದು, ಯಾರು ಬದುಕಿದರು, ಯಾರು ಸತ್ತರು ಎಂಬುದನ್ನು ಅವನ ಕೈಯಲ್ಲಿಟ್ಟಿತು. ಕೊನೆಯಲ್ಲಿ ಆ ಆಯ್ಕೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಮುಕ್ತಾಯಕ್ಕೆ ಹರಿದುವೆಂದು ಆಡಿದವರು ತೀವ್ರವಾಗಿ ಅಸಮಾಧಾನಗೊಂಡುದರಿಂದ, ಸಂಸ್ಥೆ 2012ರ ಜೂನ್ ತಿಂಗಳಲ್ಲಿ ಮುಕ್ತಾಯವನ್ನು ವಿಸ್ತರಿಸಿ ಮತ್ತೆ ಪ್ರಕಟಿಸಬೇಕಾಯಿತು. ಕಾದಂಬರಿಯ ಓದುಗರು ಇಂತಹ ಹಕ್ಕನ್ನು ಕೇಳಿದುದು ವಿರಳ.

2019ರ ‘ಔಟರ್ ವೈಲ್ಡ್ಸ್’ ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿಯ ಸ್ನಾತಕೋತ್ತರ ಪ್ರಬಂಧವಾಗಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ ಬೆಳೆದುದು. ಕಾಲವು ಮತ್ತೆಮತ್ತೆ ಮೊದಲಿಗೆ ಮರಳುವ ಕಲ್ಪನೆ ಹಳೆಯದು. ಆಟಗಳಲ್ಲಿಯೇ 2000ದ ‘ಮಜೋರಾಸ್ ಮಾಸ್ಕ್’ ಅದನ್ನು ಬಳಸಿತ್ತು. ಇಲ್ಲಿ ಸೂರ್ಯನು ಇಪ್ಪತ್ತೆರಡು ನಿಮಿಷಗಳಲ್ಲಿ ಸ್ಫೋಟಿಸುತ್ತಾನೆ, ಆಡುವವನು ಶಿಬಿರದ ಬೆಂಕಿಯ ಬಳಿ ಮತ್ತೆ ಕಣ್ತೆರೆಯುತ್ತಾನೆ. ಆಯುಧವಿಲ್ಲ, ಗಳಿಸಿ ಕೂಡಿಡುವ ಶಕ್ತಿಯಿಲ್ಲ. ಒಂದು ಸಾವಿನಿಂದ ಮುಂದಿನ ಬದುಕಿಗೆ ಉಳಿದುಬರುವುದು ತಿಳಿವಳಿಕೆಯೊಂದೇ. ಮೊದಲ ನಿಮಿಷದಲ್ಲಿಯೇ ಆಟವನ್ನು ಮುಗಿಸಲು ಬೇಕಾದ ಸಾಧನಗಳೆಲ್ಲ ಬಹುಮಟ್ಟಿಗೆ ಕೈಯಲ್ಲಿಯೇ ಇರುತ್ತವೆ, ಹೇಗೆಂಬುದು ಮಾತ್ರ ಗೊತ್ತಿರುವುದಿಲ್ಲ. ವೀಕ್ಷಣೆ, ಊಹೆ, ಪರೀಕ್ಷೆ ಎಂಬ ವಿಜ್ಞಾನದ ಕ್ರಮವನ್ನೇ ಕಥೆಯ ಚಾಲಕಶಕ್ತಿಯನ್ನಾಗಿ ಮಾಡಿಕೊಂಡ ಈ ಕೃತಿ ನನ್ನ ಎಣಿಕೆಯಲ್ಲಿ ಪ್ರಕಾರದ ಹೆಸರಿಗೆ ಅತ್ಯಂತ ಅರ್ಹವಾದುದು.

ಭಾರತದಲ್ಲಿ ವೈಜ್ಞಾನಿಕ ಕಥೆ ಎರವಲಿನ ನೆಲದಲ್ಲಿಯೇ ಬೇರೂರಿತು. ಮರಾಠಿಯ ‘ಕೇರಳ ಕೋಕಿಳ’ ಪತ್ರಿಕೆ 1900ರ ಸುಮಾರಿನಲ್ಲಿ ಜೂಲ್ ವೆರ್ನನ ಚಂದ್ರಯಾನದ ಕಥೆಯನ್ನು ರೂಪಾಂತರಿಸಿ ಪ್ರಕಟಿಸಿತು; 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಜಯಂತ ನಾರಳೀಕರರು ‘ಕೃಷ್ಣವಿವರ’ ಎಂಬ ಕಥೆಯನ್ನು ಗುಪ್ತನಾಮದಿಂದ ಕಳುಹಿದಾಗ, ಅವರ ಮುಂದೆ ಗುರು ಫ್ರೆಡ್ ಹಾಯ್ಲ್ ಅವರ ವೈಜ್ಞಾನಿಕ ಕಾದಂಬರಿಗಳ ಮೇಲ್ಪಂಕ್ತಿ ಇತ್ತು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಈ ಪ್ರಕಾರಕ್ಕೆ ತಮ್ಮ ಬರವಣಿಗೆಯನ್ನು ಮೀಸಲಿಟ್ಟರು. ಆಟದ ಉದ್ಯಮ ಬಂದುದು ತೀರ ಈಚೆಗೆ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ ದೇಶದ ಮೊದಲಿಗರ ಸಾಲಿನದು. 2019ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಅಲ್ಲಿಯ ಚಿತ್ರಕಾರರು ವಿದೇಶಗಳ ಪ್ರಸಿದ್ಧ ಆಟಗಳಿಗೆ ವಾಹನಗಳನ್ನೂ ದೃಶ್ಯಗಳನ್ನೂ ಬಹುಕಾಲ ರಚಿಸಿಕೊಟ್ಟರು. ಇಷ್ಟು ನಿಪುಣವಾದ ಕೈಗಳು ಇಷ್ಟು ವರ್ಷ ಇತರರ ಕಥೆಗಳಿಗೆ ಮಾತ್ರ ದುಡಿದುವೆಂಬುದು ಖೇದಕರ.

ತಮ್ಮದೇ ಲೋಕವನ್ನು ಕಲ್ಪಿಸುವ ಯತ್ನಗಳು ಈಗ ನಡೆದಿವೆ. ಪುಣೆಯ ಸೂಪರ್‌ಗೇಮಿಂಗ್ ಸಂಸ್ಥೆ 2024ರಲ್ಲಿ ಹೊರತಂದ ‘ಇಂಡಸ್’ ಆಟ ಭಾರತೀಯ ಭವಿಷ್ಯಕಲ್ಪನೆಯೆಂದು ತನ್ನನ್ನು ಕರೆದುಕೊಂಡಿತು. ಅದರ ವಾಸ್ತುವೂ ವೇಷಭೂಷಣವೂ ನಮ್ಮವಾದರೂ, ಕೊನೆಗೆ ಒಬ್ಬನೇ ಉಳಿಯುವವರೆಗೆ ಕಾದಾಡುವ ಚೌಕಟ್ಟು ಹೊರಗಿನದು. ಗಣಿತಜ್ಞ ರಾಮಾನುಜನ್ನರ ಸ್ವಪ್ನಗಳನ್ನೂ ಹಾರಾಟದ ಕಲ್ಪನೆಯನ್ನೂ ದಕ್ಷಿಣಭಾರತದ ಹಿನ್ನೆಲೆಯಲ್ಲಿ ಹೆಣೆದ ‘ಅಂತರಿಕ್ಷ ಸಂಚಾರ’ ಇನ್ನೊಂದು ದಾರಿ ಹಿಡಿಯಿತು. ವಿಮಾನದ ಮಾತು ಬಂದಾಗ ಒಂದು ಎಚ್ಚರ ಅವಶ್ಯ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಪ್ರಾಚೀನವೆಂದು ನಂಬುವವರು ಅನೇಕರಿದ್ದಾರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು 1974ರಲ್ಲಿ ಅದನ್ನು ಪರೀಕ್ಷಿಸಿ, ಗ್ರಂಥವು 1904ಕ್ಕಿಂತ ಹಿಂದಿನದಲ್ಲವೆಂದೂ ಅದರ ವಿಮಾನಗಳು ಹಾರಲಾರವೆಂದೂ ತೋರಿಸಿದರು. ಕಥೆಗಾರನಿಗೆ ಹಾರದ ವಿಮಾನವೂ ಸುಂದರವಾದ ಸಾಮಗ್ರಿಯೇ. ಅದನ್ನು ಇತಿಹಾಸವೆಂದು ಸಾರಿದ ಕ್ಷಣ ಅವನು ವಿಜ್ಞಾನಕ್ಕೂ ಕಲ್ಪನೆಗೂ ಅನ್ಯಾಯ ಮಾಡಿದವನಾಗುತ್ತಾನೆ.

ನ್ಯಾಯಶಾಸ್ತ್ರವು ಈ ವಿಷಯದಲ್ಲಿ ಮೀಮಾಂಸಕರಿಗೆ ಹತ್ತಿರವಾಗಿಯೇ ನಿಂತಿದೆ. ‘ಹಮ್ ಹಿಂದುಸ್ತಾನಿ’ ಎಂಬ ತಮ್ಮ ನಾಟಕವನ್ನು ‘ನ್ಯೂ ಡೆಲ್ಲಿ’ ಚಲನಚಿತ್ರ ಕದ್ದಿತೆಂದು ಆರ್. ಜಿ. ಆನಂದ್ ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ, ಕಲ್ಪನೆ, ವಿಷಯ, ಕಥಾವಸ್ತುಗಳಿಗೆ ಹಕ್ಕುಸ್ವಾಮ್ಯವಿಲ್ಲವೆಂದೂ, ಅವುಗಳ ಅಭಿವ್ಯಕ್ತಿಗೆ ಮಾತ್ರ ಉಂಟೆಂದೂ ತೀರ್ಪಿತ್ತಿತು. ಆಟದ ನಿಯಮ ಎಲ್ಲರದು, ಅದರ ರೂಪ ಮಾತ್ರ ಒಡೆಯನದು ಎಂಬ ಅರ್ಥದಲ್ಲಿ 2012ರಲ್ಲಿ ಅಮೆರಿಕದ ನ್ಯಾಯಾಲಯವೊಂದು ‘ಟೆಟ್ರಿಸ್’ ಆಟದ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಈ ಭೇದ ಕನ್ನಡದಲ್ಲಿ ಆಟ ರಚಿಸಹೊರಟವನಿಗೂ ದಾರಿ ತೋರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 1980ರ ಕಾದಂಬರಿ ‘ಕರ್ವಾಲೊ’, ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯೊಂದನ್ನು ಅರಸಿ ಹೊರಟ ವಿಜ್ಞಾನಿಯ, ರೈತನ, ಹಳ್ಳಿಯ ಹುಡುಗನ ಕಥೆಯಾಗಿ, ಸುಳಿವು, ಶೋಧ, ವಿಕಾಸವಾದ, ಎಲ್ಲವನ್ನೂ ತನ್ನೊಳಗೆ ಇಟ್ಟುಕೊಂಡಿರುವುದರಿಂದ, ಕನ್ನಡದಲ್ಲಿ ಇಂತಹ ಆಟಕ್ಕೆ ಅದಕ್ಕಿಂತ ತಕ್ಕ ಆಕರ ನನಗೆ ತೋರದು. ತೇಜಸ್ವಿಯವರು 2007ರಲ್ಲಿ ನಿಧನರಾದುದರಿಂದ ಭಾರತದ 1957ರ ಹಕ್ಕುಸ್ವಾಮ್ಯ ಶಾಸನದಂತೆ ಆ ಕಾದಂಬರಿಯ ಹಕ್ಕು 2067ರ ಅಂತ್ಯದವರೆಗೆ ಅವರ ಉತ್ತರಾಧಿಕಾರಿಗಳದು, ಅದನ್ನೇ ಆಟವಾಗಿಸಲು ಅವರ ಅನುಮತಿ ಬೇಕು. ಪಶ್ಚಿಮಘಟ್ಟದಲ್ಲಿ ವಿಕಾಸದ ಕಳಚಿದ ಕೊಂಡಿಯನ್ನು ಅರಸಿ ಹೊರಡುವ ಬೇರೊಂದು ತಂಡದ ಕಥೆಯನ್ನು ಕಟ್ಟಲು ಯಾರ ಅನುಮತಿಯೂ ಬೇಕಾಗಿಲ್ಲ.